ಬೀಳುವುದನ್ನು ಮೊದಲು ಕಲಿಸಿ

ಡಿಸೆಂಬರ್ ಬಂತೆಂದರೆ ನಮ್ಮ ಸುತ್ತಮುತ್ತಲಿನ ಹೈಸ್ಕೂಲುಗಳಲ್ಲಿ ವಾರ್ಷಿಕೋತ್ಸವದ ಗದ್ದಲ. ಭಾಷಣ, ನಾಟಕ, ಬಹುಮಾನ ವಿತರಣೆ ಎಲ್ಲವೂ ಇರುತ್ತದೆ. ಆದರೆ ಸಭೆ ಉಸಿರು ಬಿಗಿಹಿಡಿದು ನೋಡುವುದು ಒಂದೇ ಕಾರ್ಯಕ್ರಮವನ್ನು. ಹುಡುಗರು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಪಿರಮಿಡ್ ಕಟ್ಟುತ್ತಾರೆ, ಬೆಂಕಿ ಹಚ್ಚಿದ ರಿಂಗಿನೊಳಗಿಂದ ಹಾರುತ್ತಾರೆ, ಸಾಲಾಗಿ ಬಗ್ಗಿ ನಿಂತ ಗೆಳೆಯರ ಮೇಲಿಂದ ಲಾಗ ಹಾಕುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ಇದಕ್ಕೆ ‘ಜಿಮ್ನಾಸ್ಟಿಕ್ಸ್’ ಎಂದು ಹೆಸರು. ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರು ಆ ಪಿರಮಿಡ್ಡಿನ ಕೆಳಗಿನ ಸಾಲಿನಲ್ಲಿ ಮಂಡಿಯೂರಿದವರೇ ಇರಬೇಕು.

ಚಪ್ಪಾಳೆ ತಟ್ಟುವ ನಾವು ಯಾರೂ ಕೇಳದ ಪ್ರಶ್ನೆಯೊಂದಿದೆ. ಈ ಮಕ್ಕಳಿಗೆ ಕಲಿಸಿದವರು ಯಾರು? ಎಷ್ಟು ದಿನ ಕಲಿಸಿದರು? ಮೇಲಿನ ಹುಡುಗ ಜಾರಿದರೆ ಹೇಗೆ ಬೀಳಬೇಕು ಎಂದು ಅವನಿಗೆ ಯಾರಾದರೂ ಹೇಳಿಕೊಟ್ಟಿದ್ದಾರೆಯೇ?

ಹೈಸ್ಕೂಲಿನಲ್ಲಿ ಜಿಮ್ನಾಸ್ಟಿಕ್ಸ್ ತಂಡ ಇರಲೇಬೇಕು ಎನ್ನುವವನು ನಾನು. ಆದರೆ ಆ ತಂಡಕ್ಕೆ ತರಬೇತಿ ಪಡೆದ ಕೋಚ್ ಇಲ್ಲದಿದ್ದರೆ ಆ ಕಾರ್ಯಕ್ರಮವನ್ನು ಕೈಬಿಡುವುದೇ ಮೇಲು ಎಂದೂ ನಂಬಿದ್ದೇನೆ. ಯಾಕೆ ಎಂದು ಹೇಳುತ್ತೇನೆ.

ಕಬಡ್ಡಿಯಲ್ಲೋ ವಾಲಿಬಾಲ್‌ನಲ್ಲೋ ಸರಿಯಾಗಿ ಕಲಿಸದಿದ್ದರೆ ತಂಡ ಸೋಲುತ್ತದೆ. ಜಿಮ್ನಾಸ್ಟಿಕ್ಸ್‌ನಲ್ಲಿ ಸರಿಯಾಗಿ ಕಲಿಸದಿದ್ದರೆ ಕತ್ತು ಮುರಿಯಬಹುದು. ಹುಡುಗಿಯರ ಸ್ಪರ್ಧೆಯ ಬೀಮ್ ಎಂಬ ತೊಲೆಯನ್ನೇ ತೆಗೆದುಕೊಳ್ಳಿ. ಅದರ ಉದ್ದ 5 ಮೀಟರ್, ಎತ್ತರ 125 ಸೆಂಟಿಮೀಟರ್, ಅಗಲ ಬರೀ 10 ಸೆಂಟಿಮೀಟರ್. ನಮ್ಮ ಅಂಗೈಗಿಂತ ಸ್ವಲ್ಪ ಅಗಲ, ಅಷ್ಟೇ. ಅದರ ಮೇಲೆ ನಡೆಯುವುದಷ್ಟೇ ಅಲ್ಲ, ಹಿಂದಕ್ಕೆ ಲಾಗ ಹಾಕಿ ಮತ್ತೆ ಅದರ ಮೇಲೆಯೇ ಕಾಲೂರಬೇಕು. ನೆಲದ ಮೇಲೆ ಎಳೆದ ಗೆರೆಯ ಮೇಲೆ ನೂರಾರು ಬಾರಿ, ಆಮೇಲೆ ಗಿಡ್ಡ ತೊಲೆಯ ಮೇಲೆ, ಅದರ ಕೆಳಗೆ ದಪ್ಪ ಮ್ಯಾಟ್ ಹಾಸಿ, ಪಕ್ಕದಲ್ಲಿ ಒಬ್ಬರು ಕೈಕೊಟ್ಟು ನಿಂತು, ಆಮೇಲಷ್ಟೇ ಪೂರ್ತಿ ಎತ್ತರಕ್ಕೆ. ಈ ಮೆಟ್ಟಿಲುಗಳಲ್ಲಿ ಒಂದನ್ನೂ ಹಾರಿಸದಂತೆ ನೋಡಿಕೊಳ್ಳುವವರೇ ಕೋಚ್. ಅವರು ಕಲಿಸುವ ಮೊದಲ ಪಾಠ ಹಾರುವುದಲ್ಲ, ಬೀಳುವುದು. ಗಲ್ಲವನ್ನು ಎದೆಗೆ ಒತ್ತಿ, ಮೈಯನ್ನು ದುಂಡಗೆ ಮಾಡಿ ಉರುಳುವುದು. ಕೈಯನ್ನು ಹಿಂದಕ್ಕೆ ನೆಟ್ಟಗೆ ಊರದಿರುವುದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಗರಡಿಮನೆಯಲ್ಲಿ ಕುಸ್ತಿಗೆ ಇಳಿಯುವ ಮೊದಲು ಮಣ್ಣನ್ನು ಅಗೆದು ಹದಮಾಡುತ್ತಾರೆ. ಪೈಲ್ವಾನ ಬೀಳುತ್ತಾನೆ ಎಂದು ಗೊತ್ತಿದ್ದೇ ಉಸ್ತಾದರು ಮೊದಲು ನೆಲವನ್ನು ಮೆತ್ತಗೆ ಮಾಡಿಸುತ್ತಿದ್ದರು. ನಾವು ಈಗ ಸಿಮೆಂಟಿನ ವೇದಿಕೆಗೆ ಜಮಖಾನ ಹಾಸಿ ಮಕ್ಕಳನ್ನು ಹಾರಿಸುತ್ತಿದ್ದೇವೆ.

ಹೈಸ್ಕೂಲಿನ ವಯಸ್ಸಿಗೆ ಇನ್ನೊಂದು ತೊಡಕಿದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತೇವೆ. ಎಂಟನೇ ತರಗತಿಯಿಂದ ಹತ್ತನೇ ತರಗತಿಯ ಮಕ್ಕಳು ಗಿಡವೂ ಅಲ್ಲ, ಮರವೂ ಅಲ್ಲ. ಒಂದೇ ವರ್ಷದಲ್ಲಿ ಎತ್ತರ ಸರ್ರನೆ ಏರುತ್ತದೆ, ತೂಕ ಬದಲಾಗುತ್ತದೆ. ಏಳನೇ ತರಗತಿಯಲ್ಲಿ ಸಲೀಸಾಗಿ ಬರುತ್ತಿದ್ದ ಲಾಗ ಒಂಬತ್ತರಲ್ಲಿ ತಪ್ಪತೊಡಗುತ್ತದೆ. ಎಲುಬಿನ ತುದಿಯ ಬೆಳೆಯುವ ಭಾಗ ಆ ವಯಸ್ಸಿನಲ್ಲಿ ಇನ್ನೂ ಎಳಸು. ಮಣಿಕಟ್ಟಿನ ಮೇಲೆ ಮತ್ತೆ ಮತ್ತೆ ಭಾರ ಬಿದ್ದರೆ ಅಲ್ಲಿ ನೋವು ಶುರುವಾಗುತ್ತದೆ. ಗೊತ್ತಿರುವ ಕೋಚ್ ಆಗ ಅಭ್ಯಾಸ ಕಡಿಮೆ ಮಾಡಿಸುತ್ತಾರೆ. ಗೊತ್ತಿಲ್ಲದವರು ‘ಸೋಮಾರಿಯಾಗಿದ್ದೀಯ’ ಎಂದು ಗದರುತ್ತಾರೆ. ಹುಡುಗನೂ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ನೋವು ಮುಚ್ಚಿಟ್ಟು ಮತ್ತೆ ಹಾರುತ್ತಾನೆ.

ಒಳ್ಳೆಯ ಕೋಚ್ ಏನು ಮಾಡಬಲ್ಲರು ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. ತ್ರಿಪುರಾದ ಅಗರ್ತಲಾ ದೊಡ್ಡ ಊರೇನೂ ಅಲ್ಲ. ಅಲ್ಲಿನ ದೀಪಾ ಕರ್ಮಾಕರ್ ಆರು ವರ್ಷದವಳಾಗಿದ್ದಾಗ ಜಿಮ್ನಾಸ್ಟಿಕ್ಸ್ ಕಲಿಯಲು ಬಂದಳು. ಅವಳದು ಚಪ್ಪಟೆ ಪಾದ. ಓಡಿ ಬಂದು ನೆಗೆಯುವ ಆಟಕ್ಕೆ ಅದು ದೊಡ್ಡ ಅಡ್ಡಿ. ಕೋಚ್ ಬಿಶ್ವೇಶ್ವರ ನಂದಿ ಅವಳನ್ನು ಆಗುವುದಿಲ್ಲ ಎಂದು ಕಳಿಸಿಬಿಡಲಿಲ್ಲ. ಪಾದಕ್ಕೆಂದೇ ಬೇರೆ ವ್ಯಾಯಾಮ ಮಾಡಿಸಿ ವರ್ಷಗಟ್ಟಲೆ ಕಾದರು. ಸರಿಯಾದ ಸಲಕರಣೆ ಇಲ್ಲದ ದಿನಗಳಲ್ಲಿ ಹಳೆ ಸ್ಕೂಟರಿನ ಬಿಡಿಭಾಗಗಳಿಂದ ಮಾಡಿದ ಹಲಗೆಯ ಮೇಲೆ ಅಭ್ಯಾಸ ನಡೆಯಿತು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಾಗೆ ವಾಲ್ಟ್‌ನಲ್ಲಿ ಕಂಚು ಬಂತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವಳಾದಳು. ಪದಕ ತಪ್ಪಿದ್ದು ಬರೀ 0.150 ಅಂಕದಿಂದ. ಅದೇ ವರ್ಷ ನಂದಿಯವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಸಿಕ್ಕಿತು.

ದೀಪಾ ಮಾಡಿದ ಪ್ರೊಡುನೋವಾ ಎಂಬ ವಾಲ್ಟ್ ತುಂಬ ಅಪಾಯದ್ದು. ಅದನ್ನು ‘ಸಾವಿನ ವಾಲ್ಟ್’ ಎಂದೂ ಕರೆಯುತ್ತಾರೆ. ಅದನ್ನು ನೋಡಿ ಧೈರ್ಯ ಒಂದಿದ್ದರೆ ಸಾಕು ಎಂದುಕೊಂಡರೆ ತಪ್ಪಾಗುತ್ತದೆ. ಆ ಕೆಲವು ಸೆಕೆಂಡುಗಳ ಹಿಂದೆ ಹದಿನೈದಕ್ಕೂ ಹೆಚ್ಚು ವರ್ಷಗಳ ಮೆಟ್ಟಿಲುಗಳಿವೆ. ನಮ್ಮ ವಾರ್ಷಿಕೋತ್ಸವದ ಲಾಗಕ್ಕೆ ಸಿಗುವುದು ಹದಿನೈದು ದಿನ, ಅದೂ ಕೊನೆಯ ಪೀರಿಯಡ್.

ಆತುರ ಏನು ಮಾಡುತ್ತದೆ ಎಂಬುದಕ್ಕೆ ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ ಸಾಕ್ಷಿ. 1978ರಲ್ಲಿ ಅವಳು ವಿಶ್ವ ಚಾಂಪಿಯನ್. ಮರುವರ್ಷ ಕಾಲು ಮುರಿಯಿತು. ಎಲುಬು ಸರಿಯಾಗಿ ಕೂಡುವ ಮೊದಲೇ ಮತ್ತೆ ಅಭ್ಯಾಸಕ್ಕೆ ಇಳಿಸಿದರು, ಏಕೆಂದರೆ 1980ರ ಮಾಸ್ಕೋ ಒಲಿಂಪಿಕ್ಸ್ ಹತ್ತಿರವಿತ್ತು. ಕಲಿಯುತ್ತಿದ್ದ ಲಾಗ ತನಗೆ ಅಪಾಯ ಎಂದು ಕೋಚ್‌ಗೆ ಹೇಳಿದ್ದೆ, ಅವರು ಕಿವಿಗೊಡಲಿಲ್ಲ ಎಂದು ಅವಳು ನಂತರ ಹೇಳಿಕೊಂಡಳು. ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿದ್ದಾಗ ಅಭ್ಯಾಸದಲ್ಲಿ ಬಿದ್ದು ಕತ್ತು ಮುರಿಯಿತು. ಆಗ ಅವಳಿಗೆ 20 ವರ್ಷ. 2006ರಲ್ಲಿ ತೀರಿಕೊಳ್ಳುವವರೆಗೂ ಕತ್ತಿನ ಕೆಳಗೆ ಮೈ ಅಲುಗಲಿಲ್ಲ. ಆ ಲಾಗ ಇಂದು ನಿಷಿದ್ಧ.

ಇದಕ್ಕೆ ಎದುರಾಗಿ 2021ರಲ್ಲಿ ಟೋಕಿಯೊದಲ್ಲಿ ನಡೆದದ್ದನ್ನು ನೋಡಿ. ಅಮೆರಿಕದ ಸಿಮೋನ್ ಬೈಲ್ಸ್ ಗಾಳಿಯಲ್ಲಿದ್ದಾಗ ತಾನು ಎಲ್ಲಿದ್ದೇನೆ ಎಂಬ ಅಂದಾಜೇ ತಪ್ಪುತ್ತಿದೆ ಎಂದು ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದಳು. ಹೇಡಿ ಎಂದವರೂ ಇದ್ದರು. ಮೂರು ವರ್ಷದ ನಂತರ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವಳು ಮೂರು ಚಿನ್ನ, ಒಂದು ಬೆಳ್ಳಿ ಗೆದ್ದಳು. ‘ಇವತ್ತು ನನ್ನಿಂದ ಆಗುವುದಿಲ್ಲ’ ಎಂದ ಮಾತನ್ನು ಕೇಳಿಸಿಕೊಂಡದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ಒಂಬತ್ತನೇ ತರಗತಿಯ ಹುಡುಗಿ ತನ್ನ ಪಿ.ಇ. ಸರ್‌ಗೆ ಈ ಮಾತನ್ನು ಹೆದರದೆ ಹೇಳುವಂತಿರಬೇಕು. ಅಂಥ ವಾತಾವರಣ ಇಲ್ಲದ ಕಡೆ ಮ್ಯಾಟ್ ಎಷ್ಟು ದಪ್ಪವಿದ್ದರೇನು?

ಇನ್ನು ಪಿರಮಿಡ್ ವಿಷಯ. ಜಪಾನಿನ ಶಾಲೆಗಳಲ್ಲಿ ಇದು ನಮಗಿಂತ ದೊಡ್ಡ ಸಂಪ್ರದಾಯ. 2015ರಲ್ಲಿ ಒಸಾಕಾ ಪ್ರಾಂತದ ಯಾವೊ ನಗರದ ಶಾಲೆಯೊಂದರಲ್ಲಿ ಕ್ರೀಡಾ ದಿನದಂದು ಹತ್ತು ಹಂತದ ಪಿರಮಿಡ್ ಕುಸಿಯಿತು. ಹಲವು ಮಕ್ಕಳಿಗೆ ಗಾಯವಾಯಿತು, ಒಬ್ಬನ ಕೈ ಮುರಿಯಿತು. ಇಂಥ ಕಸರತ್ತುಗಳಿಂದ ಆ ದೇಶದ ಶಾಲೆಗಳಲ್ಲಿ ವರ್ಷಕ್ಕೆ 8,000ಕ್ಕೂ ಹೆಚ್ಚು ಗಾಯದ ಪ್ರಕರಣಗಳು ದಾಖಲಾಗುತ್ತಿದ್ದವು. 2016ರಲ್ಲಿ ಒಸಾಕಾ ನಗರ ತನ್ನ ಶಾಲೆಗಳಲ್ಲಿ ಪಿರಮಿಡ್ಡನ್ನು ನಿಷೇಧಿಸಿತು. ಸುರಕ್ಷಿತವಾಗಿ ನಡೆಸಲಾಗದಿದ್ದರೆ ಬಿಟ್ಟುಬಿಡಿ ಎಂದು ಅಲ್ಲಿನ ಸರ್ಕಾರವೂ ಶಾಲೆಗಳಿಗೆ ಸೂಚಿಸಿತು. ಅವರು ಲೆಕ್ಕ ಇಟ್ಟರು, ಲೆಕ್ಕ ನೋಡಿ ನಿರ್ಧರಿಸಿದರು. ನಮ್ಮಲ್ಲಿ ಪಿರಮಿಡ್ ಕುಸಿದರೆ ಮೈಕಿನಲ್ಲಿ ಹಾಡು ಜೋರಾಗುತ್ತದೆ, ಮುಂದಿನ ಕಾರ್ಯಕ್ರಮ ಶುರುವಾಗುತ್ತದೆ.

ಸುರಕ್ಷತೆ ಎಂದರೆ ಮ್ಯಾಟ್ ಮಾತ್ರವಲ್ಲ. ಈ ಆಟದಲ್ಲಿ ಕೋಚ್ ಮಕ್ಕಳ ಸೊಂಟ, ಬೆನ್ನು ಹಿಡಿದು ಆಧಾರ ಕೊಡಲೇಬೇಕಾಗುತ್ತದೆ. ಆದ್ದರಿಂದ ನಿಯಮವೂ ಬಿಗಿಯಾಗಿರಬೇಕು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿ ವರ್ಷಾನುಗಟ್ಟಲೆ ಹುಡುಗಿಯರ ಮೇಲೆ ದೌರ್ಜನ್ಯ ನಡೆಸಿದ. 2018ರಲ್ಲಿ ನ್ಯಾಯಾಲಯ ಅವನಿಗೆ 40ರಿಂದ 175 ವರ್ಷಗಳ ಸೆರೆವಾಸ ವಿಧಿಸಿತು. ದೂರು ಹೇಳಿದ ಹುಡುಗಿಯರನ್ನು ದೊಡ್ಡವರು ಮೊದಲೇ ನಂಬಿದ್ದರೆ ಎಷ್ಟೋ ಮಂದಿ ಉಳಿಯುತ್ತಿದ್ದರು. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆ ಇದೆ. 18 ವರ್ಷದೊಳಗಿನ ಮಗುವಿನ ಮೇಲೆ ದೌರ್ಜನ್ಯವಾಗಿದೆ ಎಂದು ತಿಳಿದವರು ಅದನ್ನು ವರದಿ ಮಾಡಲೇಬೇಕು. ಆದರೆ ಕಾಯ್ದೆಗಿಂತ ಮೊದಲು ಸರಳ ಶಿಸ್ತು ಬೇಕು. ಅಭ್ಯಾಸದ ವೇಳೆ ಇಬ್ಬರು ದೊಡ್ಡವರು ಇರಲಿ. ಹುಡುಗಿಯರ ತಂಡಕ್ಕೆ ಶಿಕ್ಷಕಿಯೊಬ್ಬರು ಇರಲಿ. ಬಾಗಿಲು ತೆರೆದಿರಲಿ. ಅಪ್ಪ ಅಮ್ಮ ಯಾವಾಗ ಬಂದರೂ ಕೂತು ನೋಡುವಂತಿರಲಿ.

ಹುಡುಗಿಯರ ಮಾತು ಬಂದಾಗ ಉಡುಪಿನ ಪ್ರಶ್ನೆಯೂ ಬರುತ್ತದೆ. ಎಂಟನೇ ತರಗತಿಗೆ ಬರುತ್ತಲೇ ಎಷ್ಟೋ ಹುಡುಗಿಯರು ಈ ಆಟ ಬಿಡುವುದು ಡ್ರೆಸ್ ಕಾರಣಕ್ಕೆ. ಎಲ್ಲ ಸಮುದಾಯದ ಮನೆಗಳಲ್ಲೂ ಈ ಸಂಕೋಚ ಇದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಹುಡುಗಿಯರು ಕಾಲಿನ ಹಿಮ್ಮಡಿಯವರೆಗೆ ಮುಚ್ಚುವ ಉಡುಪು ತೊಟ್ಟು ಆಡಿದರು. ಅದಕ್ಕೆ ನಿಯಮದಲ್ಲಿ ಅವಕಾಶ ಮೊದಲೇ ಇತ್ತು. ಇನ್ನೊಂದು ಕಡೆ, 2015ರ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮಲೇಷ್ಯಾದ ಫರಾ ಆನ್ ಅಬ್ದುಲ್ ಹಾದಿಯ ಸಾಧನೆ ಬಿಟ್ಟು ಅವಳ ಉಡುಪಿನ ಬಗ್ಗೆ ಕೆಲವರು ಟೀಕೆ ಮಾಡಿದರು. ಏನು ತೊಡಬೇಕೆಂಬುದನ್ನು ಹುಡುಗಿ ಮತ್ತು ಅವಳ ಮನೆಯವರು ನಿರ್ಧರಿಸಲಿ. ನಿಯಮ ಏನು ಹೇಳುತ್ತದೆ ಎಂದು ತಿಳಿದು ಮನೆಗೆ ಹೋಗಿ ಹೇಳುವ ಕೆಲಸ ಕೋಚ್‌ದು. ಒಂದು ಉದ್ದ ಪ್ಯಾಂಟಿನಿಂದ ಒಬ್ಬಳು ಆಟದಲ್ಲಿ ಉಳಿಯುವುದಾದರೆ ಅದಕ್ಕೆ ಅಡ್ಡಿ ಯಾಕೆ?

ಇಷ್ಟೆಲ್ಲ ಹೇಳಿದಾಗ ಬರುವ ಉತ್ತರ ನನಗೆ ಗೊತ್ತು. ‘ಒಬ್ಬರೇ ಪಿ.ಇ. ಸರ್. ಕಬಡ್ಡಿ, ಖೊಖೊ, ಅಥ್ಲೆಟಿಕ್ಸ್, ಬೆಳಗಿನ ಪ್ರಾರ್ಥನೆಯ ಸಾಲು, ತಡವಾಗಿ ಬಂದವರ ಪಟ್ಟಿ ಎಲ್ಲ ಅವರ ಮೇಲೆಯೇ. ಇಷ್ಟು ಷರತ್ತು ಹಾಕಿದರೆ ಅವರು ಜಿಮ್ನಾಸ್ಟಿಕ್ಸ್ ತಂಟೆಗೇ ಹೋಗುವುದಿಲ್ಲ.’ ಈ ಮಾತಿನಲ್ಲಿ ನಿಜವಿದೆ. ಆದ್ದರಿಂದಲೇ ನನ್ನ ದೂರು ಪಿ.ಇ. ಶಿಕ್ಷಕರ ಮೇಲಲ್ಲ. ಅತಿಥಿಗಳ ಮುಂದೆ ಮಿಂಚಬೇಕು ಎಂದು ಎರಡು ವಾರದಲ್ಲಿ ಪಿರಮಿಡ್ ಕೇಳುವವರ ಮೇಲೆ. ಶಾಮಿಯಾನಕ್ಕೆ, ಲೈಟಿಂಗ್‌ಗೆ, ಶಾಲು ಹಾರಕ್ಕೆ ಹಣ ಸಿಗುತ್ತದೆ. ನಾಲ್ಕು ದಪ್ಪ ಮ್ಯಾಟ್‌ಗೆ ಮಾತ್ರ ಸಿಗುವುದಿಲ್ಲ.

ದಾರಿ ಇಲ್ಲವೆಂದೇನಲ್ಲ. ಪ್ರತಿ ಶಾಲೆಗೂ ಒಬ್ಬ ಜಿಮ್ನಾಸ್ಟಿಕ್ಸ್ ಕೋಚ್ ಸಾಧ್ಯವಿಲ್ಲ, ಆದರೆ ಅಕ್ಕಪಕ್ಕದ ನಾಲ್ಕೈದು ಶಾಲೆಗಳು ಸೇರಿ ಒಬ್ಬರನ್ನು ನೇಮಿಸಬಹುದು. ಮ್ಯಾಟ್‌ಗಳನ್ನು ಒಂದೇ ಕಡೆ ಇಟ್ಟು ಸರದಿಯ ಮೇಲೆ ಬಳಸಬಹುದು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಕೋಚ್‌ಗಳನ್ನು ತಯಾರು ಮಾಡುತ್ತಿದೆ, ಕೆಲವೇ ವಾರಗಳ ಸರ್ಟಿಫಿಕೇಟ್ ಕೋರ್ಸ್‌ಗಳನ್ನೂ ನಡೆಸುತ್ತದೆ. ಆಸಕ್ತಿ ಇರುವ ಪಿ.ಇ. ಶಿಕ್ಷಕರನ್ನು ರಜೆಯಲ್ಲಿ ಇಂಥ ತರಬೇತಿಗೆ ಆಡಳಿತ ಮಂಡಳಿಯೇ ಖರ್ಚು ಕೊಟ್ಟು ಕಳಿಸಲಿ. ಅಲ್ಲಿಯವರೆಗೆ ಎತ್ತರದ ಆಸೆ ಬೇಡ. ನೆಲದ ಮೇಲಿನ ಉರುಳು, ಕೈಮೇಲೆ ನಿಲ್ಲುವುದು, ಕಾರ್ಟ್‌ವೀಲ್, ಸಮತೋಲನ ಇವಿಷ್ಟನ್ನೇ ಅಚ್ಚುಕಟ್ಟಾಗಿ ಮಾಡಿದರೂ ನೋಡಲು ಚೆಂದ. ಬೆಂಕಿಯ ರಿಂಗಂತೂ ಇಂದೇ ನಿಲ್ಲಲಿ. ಅದು ಜಿಮ್ನಾಸ್ಟಿಕ್ಸ್ ಅಲ್ಲ, ಸರ್ಕಸ್.

ನಮ್ಮ ಪಾಲೂ ಇದೆ. ಹೈಸ್ಕೂಲಿನಲ್ಲಿ ತಾಲೂಕು, ಜಿಲ್ಲಾ ಮಟ್ಟಕ್ಕೆ ಆಡಿ ಬಂದು, ಪಿಯುಸಿಗೆ ಸೇರಿದ ಮೇಲೆ ಸಿಇಟಿ, ನೀಟ್ ಎಂದು ಆಟ ಬಿಟ್ಟವರು ನಮ್ಮ ತರಗತಿಗಳಲ್ಲೇ ಇದ್ದಾರೆ. ವಾರಕ್ಕೆ ಎರಡು ಸಂಜೆ ಹತ್ತಿರದ ಹೈಸ್ಕೂಲಿಗೆ ಹೋಗಿ, ಕೋಚ್ ಹೇಳಿದಂತೆ ಮ್ಯಾಟ್ ಹಾಸಲು, ಚಿಕ್ಕವರ ಪಕ್ಕ ನಿಂತು ಆಧಾರ ಕೊಡಲು ಅವರು ತಯಾರಿದ್ದಾರೆಯೇ? ಕೋಚ್ ಆಗಿ ಅಲ್ಲ, ಕೋಚ್‌ಗೆ ಸಹಾಯಕರಾಗಿ. ನಮ್ಮ ಕ್ರೀಡಾ ವಿಭಾಗ ಇಂಥ ಹೆಸರುಗಳ ಪಟ್ಟಿಯೊಂದನ್ನು ಮಾಡಿದರೆ ಒಳ್ಳೆಯದು.

ಮುಂದಿನ ವಾರ್ಷಿಕೋತ್ಸವದಲ್ಲಿ ನಿಮ್ಮ ತಮ್ಮನೋ ತಂಗಿಯೋ ವೇದಿಕೆ ಹತ್ತುವವರಿದ್ದರೆ ಮೊದಲೇ ಹೋಗಿ ಮೂರು ಪ್ರಶ್ನೆ ಕೇಳಿ. ಕಲಿಸುವವರು ಯಾರು? ಕೆಳಗೆ ಏನು ಹಾಸಿದ್ದೀರಿ? ಮಗು ಬೇಡ ಎಂದರೆ ಬಿಡುತ್ತೀರಾ? ಈ ಮೂರಕ್ಕೂ ಉತ್ತರ ಸಿಕ್ಕರೆ ನಿಶ್ಚಿಂತೆಯಿಂದ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ. ಸಿಗದಿದ್ದರೆ ಮಗುವನ್ನು ವೇದಿಕೆಯಿಂದ ಕೆಳಗಿಳಿಸಿ ಕರೆದುಕೊಂಡು ಬನ್ನಿ.