ಒಂದೇ ಹಾಳೆ, ಎರಡು ಮೇಜು

ಹೋದ ವರ್ಷ ನಮ್ಮೂರಿನ ಕಲಾಪ್ರದರ್ಶನಕ್ಕೆ ಒಂದೇ ಹಾಳೆಯಿಂದ ಎರಡು ಕೆಲಸ ಮಾಡಿ ಕೊಟ್ಟಿದ್ದೆ. ನೀಲಿಯೊಂದನ್ನು ಬಿಟ್ಟು ಬೇರೆ ಬಣ್ಣ ಮುಟ್ಟಬಾರದೆಂದು ಹಟ ಹಿಡಿದು ಮೂರು ವಾರ ಬಳಿದ ಹಾಳೆ. ಅರ್ಧಕ್ಕೆ ಕಟ್ಟು ಹಾಕಿಸಿದೆ. ಇನ್ನರ್ಧವನ್ನು ಉದ್ದುದ್ದ ತ್ರಿಕೋನಗಳಾಗಿ ಕತ್ತರಿಸಿ, ಸುತ್ತಿ, ಮಣಿ ಮಾಡಿ, ಸರ ಪೋಣಿಸಿದೆ. ಚಿತ್ರ ಹಾಲಿನ ಗೋಡೆಗೆ ಹೋಯಿತು. ಸರ ಮಾತ್ರ ಹೊರಗಿನ ಜಗಲಿಯಲ್ಲಿ, ಹಪ್ಪಳ ಸಂಡಿಗೆಯ ಪಕ್ಕ, 'ಮಹಿಳೆಯರ ಕರಕುಶಲ'ದ ಮೇಜಿಗೆ.

"ಎರಡೂ ಒಂದೇ ಹಾಳೆ ಅಲ್ವಾ?" ಎಂದು ಕೇಳಿದೆ.

"ಅದು ಕಲೆ ಮೇಡಂ, ಇದು ಟೈಂಪಾಸ್" ಎಂದರು ವ್ಯವಸ್ಥಾಪಕರು, ನಗುನಗುತ್ತಲೇ.

ಹಪ್ಪಳದ ಮೇಲೆ ನನಗೆ ಸಿಟ್ಟಿಲ್ಲ. ಅದೂ ಸಣ್ಣ ವಿದ್ಯೆಯಲ್ಲ. ಆದರೆ ಈ ಟೈಂಪಾಸಿನ ಕಷ್ಟವನ್ನು ಸ್ವಲ್ಪ ಕೇಳಿ. ಪಟ್ಟಿಯನ್ನು ಅಗಲದ ತುದಿಯಿಂದ ಪೊರಕೆಕಡ್ಡಿಗೆ ಸುತ್ತಬೇಕು. ಬುಡ ಎಷ್ಟು ಅಗಲವೋ ಮಣಿ ಅಷ್ಟು ಉದ್ದ. ಪಟ್ಟಿ ಉದ್ದವಾದಷ್ಟೂ ಮಣಿಯ ಹೊಟ್ಟೆ ದಪ್ಪ. ಕೈ ಸಡಿಲಾದರೆ ಜೊಳ್ಳು, ತುಸು ವಾರೆಯಾದರೆ ಹೊಟ್ಟೆ ಪಕ್ಕಕ್ಕೆ ಜಾರುತ್ತದೆ. ತುದಿಗೆ ಗೋಂದು, ಮೇಲೆ ವಾರ್ನಿಷ್. ವಾರ್ನಿಷ್ ತಾಗಿದೊಡನೆ ನನ್ನ ನೀಲಿ ಗಾಢವಾಗಿಬಿಡುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ತಿಳಿಯಾಗಿ ಬಳಿದಿರಬೇಕು. ಸುತ್ತಿದ ಮೇಲೆ ಕಾಣುವುದು ಅಂಚುಗಳು ಮತ್ತು ಕೊನೆಯ ತುದಿ ಮಾತ್ರ, ಮಿಕ್ಕ ಬಣ್ಣವೆಲ್ಲ ಒಳಗೆ. ಹಾಳೆಯಲ್ಲಿ ದೂರದೂರವಿದ್ದ ಮೋಡದ ನೀಲಿ, ಕೆರೆಯಾಳದ ನೀಲಿ ಮಣಿಯಲ್ಲಿ ಒಂದಕ್ಕೊಂದು ತಾಗಿ ಕೂರುತ್ತವೆ. ಒಂದು ಬಣ್ಣದೊಳಗೆ ಎಷ್ಟು ಬಣ್ಣವಿದೆಯೆಂದು ನನಗೆ ತಿಳಿದದ್ದು ಕುಂಚದಿಂದಲ್ಲ, ಈ ಕಡ್ಡಿಯಿಂದ.

ಪಿಕಾಸೊ 1901ರಿಂದ 1904ರವರೆಗೆ ಹೆಚ್ಚುಕಡಿಮೆ ನೀಲಿಯಲ್ಲೇ ಮುಳುಗಿದ್ದ. ಅದನ್ನು 'ನೀಲಿ ಕಾಲ' ಎಂದು ಗೌರವದಿಂದ ಕರೆದರು. ಫ್ರಾನ್ಸಿನ ಈವ್ ಕ್ಲೈನ್ 1960ರಲ್ಲಿ ತನ್ನ ನೀಲಿಯನ್ನು ಸರಕಾರಿ ಕಚೇರಿಯಲ್ಲಿ ದಾಖಲೇ ಮಾಡಿಸಿದ. ಅವನು ಬಳಸಿದ್ದು ಕೃತಕ ಅಲ್ಟ್ರಾಮರೀನ್. ನಮ್ಮಜ್ಜಿ ತಾತನ ಪಂಚೆಗೆಂದು ಬಕೆಟ್ಟಿನಲ್ಲಿ ಕದಡುತ್ತಿದ್ದ ನೀಲಿಪುಡಿಯೂ ಅದೇ ಜಾತಿಯದು! ಹೆಚ್ಚಾದರೆ ಕಲೆ, ಕಡಿಮೆಯಾದರೆ ಮಾಸಲು. ಆ ಹದ ಅಜ್ಜಿಯ ಬೆರಳಿಗೆ ಗೊತ್ತಿತ್ತು. ಅವಳನ್ನು ಯಾರು ದಾಖಲಿಸಿದರು?

ಗಂಡಸರನ್ನಷ್ಟೇ ಬೈದರೆ ಸಾಲದು. ಯಾರಾದರೂ ಮೆಚ್ಚಿದರೆ "ಏನೋ, ಮಧ್ಯಾಹ್ನ ಸುಮ್ನೆ ಕೂತಾಗ ಮಾಡಿದ್ದು" ಎನ್ನುವವರು ನಾವೇ ತಾನೆ? ನಾನೂ ಎಷ್ಟೋ ಸಲ ಅಂದಿದ್ದೇನೆ. ಸುಮ್ಮನೆ ಕೂತಾಗ ಯಾವ ಮಣಿಯೂ ಆಗಿಲ್ಲ. ಬೆನ್ನು ನೋಯಿಸಿಕೊಂಡು, ಅಡಿಗೆ ತಡಮಾಡಿ, ಮನೆಯವರ ಗೊಣಗಾಟ ಕೇಳಿ ಮಾಡಿದವು ಅವು.

ಈ ವರ್ಷದ ಅರ್ಜಿ ಬಂದಿದೆ. ಸರವನ್ನು ಚಿತ್ರಕಲೆಯ ವಿಭಾಗಕ್ಕೇ ಬರೆದಿದ್ದೇನೆ. ಮಾಧ್ಯಮ: ಕಾಗದ, ನೀಲಿ. ಅಳತೆ: ಇಪ್ಪತ್ತೆಂಟು ಅಂಗುಲ. ಬೆಲೆ: ಚಿತ್ರದ್ದೆಷ್ಟೋ ಅಷ್ಟೇ. ಇನ್ನೂ ಉತ್ತರ ಬಂದಿಲ್ಲ.