ಬೆಲೆಯೇ ರುಚಿಗೆ ಪ್ರಮಾಣವೆ?

ನಿತ್ಯಭೋಜನದೊಡನೆ ಸೇವಿಸತಕ್ಕ ಕೆಂಪು ವೈನಿನ ವಿಷಯದಲ್ಲಿ ಬಲ್ಲವರೆನಿಸಿಕೊಂಡ ಕೆಲವರು ಒಂದು ಸಿದ್ಧಾಂತವನ್ನು ಹರಡುತ್ತಲಿರುವರು: ಅಗ್ಗವಾದುದು ಕುಡಿಯಲು ಅರ್ಹವಲ್ಲ, ಬೆಲೆಯೇರಿದಷ್ಟೂ ಗುಣವೇರುವುದು ಎಂದು. ಈ ವಿಷಯದಲ್ಲಿ ಪಾಠಶಾಲೆಯ ಮುದುಕನಿಗೇನು ಕೆಲಸವೆಂದು ನಗುವವರು ನಗಲಿ. ನಾನು ಮದ್ಯವನ್ನು ಮುಟ್ಟಿದವನಲ್ಲ, ಮುಟ್ಟಿರೆಂದು ಬೋಧಿಸುವವನೂ ಅಲ್ಲ. ಆದರೆ ಕೆಟ್ಟ ಅನುಮಾನವು ಯಾವ ವಸ್ತುವನ್ನು ಆಶ್ರಯಿಸಿದ್ದರೂ ಕೆಟ್ಟ ಅನುಮಾನವೇ ಸರಿ.

ಬೆಲೆಯುಳ್ಳದ್ದಾದುದರಿಂದ ರುಚಿಯುಳ್ಳದ್ದು ಎಂಬಲ್ಲಿ ಹೇತುವು ಸವ್ಯಭಿಚಾರವಾದುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದು ಸಾಧಿಸಹೊರಟವನಿಗೆ ತಾರ್ಕಿಕರು ಹಸಿಸೌದೆಯೆಂಬ ಉಪಾಧಿಯನ್ನು ತೋರಿಸುವರಷ್ಟೆ. ಇಲ್ಲಿಯೂ ಉಪಾಧಿಗಳುಂಟು. ಫ್ರಾನ್ಸಿನ ಬೋರ್ದೋ ಪ್ರಾಂತದ ಪೊಯ್ಯಾಕಿನಲ್ಲಿ ಒಂದು ಹೆಕ್ಟೇರು ದ್ರಾಕ್ಷಿತೋಟದ ಕ್ರಯವು ದಕ್ಷಿಣದ ಲಾಂಗ್‌ದಾಕ್ ಸೀಮೆಯ ಸಾಧಾರಣ ತೋಟದ ನೂರು ಪಟ್ಟನ್ನು ಮೀರಿದುದು. 225 ಲೀಟರು ಹಿಡಿಯುವ ಹೊಸ ಓಕ್ ಪೀಪಾಯಿಯ ಕ್ರಯವು ಸುಮಾರು 300 ಸೀಸೆಗಳ ತಲೆಯ ಮೇಲೆ ಬೀಳುವುದು. ಭಾರವಾದ ಗಾಜಿಗೂ ಮನೆತನದ ಕೀರ್ತಿಗೂ ಪ್ರತ್ಯೇಕ ಹಣ. ಮಣ್ಣಿಗೆ ಗುಣವಿಲ್ಲವೆಂದು ಯಾರೂ ಹೇಳರು. ಆದರೆ ನೂರು ಪಟ್ಟು ಕ್ರಯಕ್ಕೆ ನೂರು ಪಟ್ಟು ರಸವನ್ನು ಕಂಡ ನಾಲಗೆ ಯಾವುದು?

ಪ್ರತ್ಯಕ್ಷವೂ ಪ್ರತಿವಾದಿಗಳಿಗೆ ಅನುಕೂಲವಾಗಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾದ ವಿದ್ವಾಂಸರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, 5 ಡಾಲರಿನ ಕೆಂಪು ವೈನನ್ನೇ ಒಮ್ಮೆ ನಿಜವಾದ ಬೆಲೆಯಿಂದಲೂ ಮತ್ತೊಮ್ಮೆ 45 ಡಾಲರಿನದೆಂದೂ ಹೇಳಿ ಕೊಡಲಾಯಿತು. ಕುಡಿದವರು ಎರಡನೆಯದೇ ಹೆಚ್ಚು ಸೊಗಸೆಂದರು. ಮಿದುಳಿನಲ್ಲಿ ಸುಖವನ್ನು ಸೂಚಿಸುವ ಭಾಗವೂ ಹೆಚ್ಚಾಗಿ ಎಚ್ಚೆತ್ತಿತು. ಅದೇ ವರ್ಷ ಪ್ರಕಟವಾದ ಮತ್ತೊಂದು ಶೋಧನೆಯಲ್ಲಿ ಬೆಲೆಯನ್ನು ಮರೆಮಾಡಿ ನಡೆಸಿದ 6000ಕ್ಕೂ ಮೇಲ್ಪಟ್ಟ ಆಸ್ವಾದನೆಗಳನ್ನು ಪರಿಶೀಲಿಸಲು, ಸಾಮಾನ್ಯ ಜನರು ದುಬಾರಿಯದನ್ನು ಮೆಚ್ಚುವುದಿರಲಿ, ತುಸು ಕಡಮೆಯಾಗಿಯೇ ಮೆಚ್ಚಿದ್ದರು. ಆಸ್ವಾದನೆಯಲ್ಲಿ ಶಿಕ್ಷಣ ಪಡೆದವರ ಮಾತು ಬೇರೆ. ಅವರಲ್ಲಿ ಈ ಫಲ ಕಾಣಲಿಲ್ಲ. ಸರಿ, ಆ ಶಿಕ್ಷಿತರು ತಮ್ಮ ಹಣ ತೆತ್ತು ಕುಡಿಯಲಿ. ದಿನವೂ ರೊಟ್ಟಿಯೊಡನೆ ಒಂದು ಲೋಟ ಕುಡಿಯುವ ಗೃಹಸ್ಥನು ಅವರ ನಾಲಗೆಗಾಗಿ ಏಕೆ ತೆರಬೇಕು?

ಅಗ್ಗವಾದುದು ಕೃತ್ರಿಮವೆಂಬ ಅಪವಾದವೂ ಉಂಟು. ಅಗ್ಗಕ್ಕೂ ಕೃತ್ರಿಮಕ್ಕೂ ಇರುವ ಭೇದವನ್ನು ಲಾಂಗ್‌ದಾಕಿನ ಒಕ್ಕಲಿಗರಿಂದ ಕಲಿಯಬೇಕು. ಬೆಲೆ ಕುಸಿದು ಬಡವರಾಗಿದ್ದ ಅವರು, ಮಾರ್ಸಲೆಂ ಆಲ್ಬೇರ್ ಎಂಬವನ ಮುಂದಾಳುತನದಲ್ಲಿ, ಸಕ್ಕರೆ ನೀರು ಬೆರೆಸಿ ಮಾರುವ ವಂಚಕರ ಮೇಲೆ ದಂಗೆಯೆದ್ದರು. 1907ರ ಜೂನ್ 9ರಂದು ಮಾಂಪೆಲಿಯೆ ನಗರದಲ್ಲಿ ನೆರೆದವರು ಲಕ್ಷಾಂತರ ಮಂದಿ. ನಾರ್ಬೋನಿನಲ್ಲಿ ಗುಂಡೇಟಿಗೆ ಪ್ರಾಣಗಳೂ ಹೋದುವು. ಆ ತಿಂಗಳ 29ರಂದು ಕಲಬೆರಕೆಯನ್ನು ತಡೆಯುವ ಶಾಸನವಾಯಿತು. ನಿತ್ಯಪಾನದ ವೈನು ಶುದ್ಧವಾಗಿರಬೇಕೆಂದು ರಕ್ತ ಸುರಿಸಿದವರು ಅದನ್ನು ಬೆಳೆದವರೇ ಹೊರತು, ಅದನ್ನು ಹಳಿಯುವ ರಸಿಕರಲ್ಲ.

ಹಾಗಾದರೆ ಒಳ್ಳೆಯ ಅಗ್ಗದ ವೈನನ್ನು ಗುರುತಿಸುವುದೆಂತು? ಕೌಟಿಲ್ಯನು ದ್ರಾಕ್ಷಾರಸವನ್ನು ಮಧುವೆಂದು ಕರೆದು, ಕಾಪಿಶಾಯನ, ಹಾರಹೂರಕ ಎಂದು ಅದನ್ನು ಹುಟ್ಟಿದ ನಾಡಿನಿಂದ ಹೆಸರಿಸಿರುವನು. ಕಾಪಿಶಿಯು ಕಾಬೂಲಿನ ಹತ್ತಿರದ ಪಟ್ಟಣ. ಆ ರೂಪವನ್ನು ಸಾಧಿಸಲು ಪಾಣಿನಿಯು ಪ್ರತ್ಯೇಕ ಸೂತ್ರವನ್ನೇ ರಚಿಸಿದನು. ಇಂದಿಗೂ ನಾಡನ್ನು ನೋಡುವುದೇ ಸರಿಯಾದ ದಾರಿ, ಆದರೆ ಕೀರ್ತಿ ಹತ್ತದ ನಾಡನ್ನು: ಲಾಂಗ್‌ದಾಕಿನ ಕೋರ್ಬಿಯೇರ್, ಸ್ಪೇನಿನ ಹುಮಿಯಾದ ಮೊನಾಸ್ತ್ರೆಲ್, ಕಾಂಪೊ ದೆ ಬೋರ್ಹಾದ ಗಾರ್ನಾಚಾ, ಪೋರ್ಚುಗಲ್ಲಿನ ಅಲೆಂತೇಜು. ಅಲ್ಲಿ ಬಿಸಿಲು ಧಾರಾಳ, ಹಣ್ಣು ಚೆನ್ನಾಗಿ ಮಾಗುವುದು, ಸಹಕಾರ ಸಂಘಗಳು ಒಟ್ಟಾಗಿ ಹಿಂಡುವುವು. ಎಳೆಯದನ್ನೇ ಕೊಂಡು ಎರಡು ಮೂರು ವರ್ಷದೊಳಗೆ ಮುಗಿಸುವುದು ಲೇಸು. ನಿತ್ಯದ ವೈನು ನೆಲಮಾಳಿಗೆಯಲ್ಲಿ ತಪಸ್ಸು ಮಾಡಲು ಹುಟ್ಟಿದುದಲ್ಲ.

ನಮ್ಮ ದೇಶದಲ್ಲಿ ಈ ಭ್ರಾಂತಿಯು ಸುಂಕದ ಕಟ್ಟೆಯವರೆಗೂ ಹೋಗಿದೆ. 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ವಾಣಿಜ್ಯ ಒಪ್ಪಂದದಂತೆ, ಸೀಸೆಗೆ 5 ಡಾಲರಿಗೆ ಕಡಮೆಯಿಲ್ಲದ ವೈನಿನ ಸುಂಕವು ಶೇಕಡ 150ರಿಂದ 100ಕ್ಕೂ, 15 ಡಾಲರಿಗೆ ಕಡಮೆಯಿಲ್ಲದುದರದು 75ಕ್ಕೂ ಇಳಿಯಿತು. ಅದಕ್ಕಿಂತ ಅಗ್ಗದುದಕ್ಕೆ ರಿಯಾಯಿತಿಯಿಲ್ಲ. ಇದು ದೇಶದ ಬೆಳೆಗಾರರ ರಕ್ಷಣೆಗಾಗಿ ಎನ್ನುವರು, ಇರಬಹುದು. ಆದರೆ 15 ಡಾಲರಿನ ಸೀಸೆ ಕೊಳ್ಳುವ ಧನಿಕನಿಗೆ ಇಳಿಸಿದ ಸುಂಕ, 4 ಡಾಲರಿನದನ್ನು ಅರಸುವ ಗುಮಾಸ್ತನಿಗೆ ಪೂರ್ತಿ ಸುಂಕ ಎಂಬುದನ್ನು ಯಾವ ನ್ಯಾಯದಿಂದ ಸಮರ್ಥಿಸುವರೋ, ಆ ಬಲ್ಲವರು ಈ ಪತ್ರಿಕೆಯಲ್ಲಿಯೇ ಉತ್ತರ ಬರೆಯಲಿ.