ಭಾಮೆಗೆ ಯಾರೂ ‘ಸುಮ್ಮನಿರು’ ಅನ್ನಲಿಲ್ಲ

ಪ್ರೀತಿಯ ಮೊಮ್ಮಕ್ಕಳೇ, ನಿಮ್ಮ ಪಕ್ಕದಲ್ಲಿ ಕೂತು ಕನ್ನಡಕ ಹುಡುಕುತ್ತಿರುವ ಅಜ್ಜ ಅಜ್ಜಿಯರೇ,

ಈ ವಾರ ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕಳೆದ ಬೇಸಿಗೆಯಲ್ಲಿ ನನ್ನ ಮಗಳ ಮಗಳು ಹುಬ್ಬಳ್ಳಿಯಿಂದ ನಮ್ಮೂರು ಬಾಡಗಂಡಿಗೆ ಬಂದಿದ್ದಳು. ಒಂಬತ್ತನೇ ಇಯತ್ತೆ ಮುಗಿಸಿ ಹತ್ತಕ್ಕೆ ಕಾಲಿಡುವ ಹುಡುಗಿ. ಹಿಂದೆಲ್ಲ ಬಂದರೆ ಮನೆಯಲ್ಲಿ ಒಂದು ಗಳಿಗೆ ಕೂರುತ್ತಿರಲಿಲ್ಲ. ಈ ಸಲ ಮೂಲೆ ಹಿಡಿದು ಕೂತಳು. ಕಿವಿಯಲ್ಲಿ ಸದಾ ಇಯರ್‌ಫೋನು. ಅವಳ ಅಜ್ಜಿ ಮಾಡಿಟ್ಟ ಶೇಂಗಾ ಹೋಳಿಗೆಯನ್ನೂ ಅರ್ಧ ತಿಂದು ತಾಟು ಸರಿಸಿಬಿಡುತ್ತಿದ್ದಳು. “ಯಾಕವಾ, ಏನಾಗೇತಿ?” ಎಂದು ಕೇಳಿದೆ. “ಏನಿಲ್ಲಜ್ಜಾ, ಸುಮ್ನ ಬ್ಯಾಸರ” ಅಂದಳು. ಅದಕ್ಕೆ ನಾನು ಹೇಳಿದ ಮಾತು ಕೇಳಿ: “ಉಣ್ಣಾಕ ಐತಿ, ಉಡಾಕ ಐತಿ, ಓದಿಸಾಕ ಅಪ್ಪ ಅವ್ವ ಅದಾರ. ನಿನಗೆಂಥಾ ಬ್ಯಾಸರ? ಸುಮ್ನಿರು.”

ಅವಳು ಸುಮ್ಮನಾದಳು. ಗೆದ್ದೆ ಎಂದುಕೊಂಡು ನಾನು ಪೇಪರ್ ಓದಲು ಕೂತೆ.

ಮೂರು ದಿನದ ಮೇಲೆ ಪಕ್ಕದ ಊರಿನ ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ ಇತ್ತು. ಮನೆಯಲ್ಲಿ ಒಬ್ಬಳೇ ಕೂರುವುದು ಬೇಡವೆಂದು ಅವಳನ್ನೂ ಕರೆದುಕೊಂಡು ಹೋದೆ. ದೂರದ ಊರಿನ ಮಕ್ಕಳಿಗಾಗಿ ಇದು ಏನೆಂದು ಹೇಳಿಬಿಡುತ್ತೇನೆ. ಪಾರಿಜಾತ ನಮ್ಮ ಬಾಗಲಕೋಟೆ, ಬೆಳಗಾವಿ ಸೀಮೆಯ ಹಾಡಿನ ಆಟ. ಅಪರಾಳ ತಮ್ಮಣ್ಣ ಕಟ್ಟಿದ್ದು, ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ರಂಗದ ಮೇಲೆ ಬೆಳೆಸಿದ್ದು. ಗಂಡಸರೇ ಹೆಣ್ಣಿನ ವೇಷ ಹಾಕುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ಈ ಆಟಕ್ಕಿಳಿದು ಮನೆಮಾತಾದರು. ಪೇಟಿ, ತಬಲಾ, ತಾಳ ಇಷ್ಟೇ ವಾದ್ಯ. ಬೆಳಗಿನ ತನಕ ಆಟ.

ಕಥೆ ದೊಡ್ಡದೇನಲ್ಲ. ನಾರದ ದೇವಲೋಕದ ಪಾರಿಜಾತ ಹೂವನ್ನು ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಒಂದು ಹೂವು, ಅಷ್ಟೇ! ಆದರೆ ಭಾಮೆಗೆ ಅದು ಹೂವಲ್ಲ, ‘ನಾನು ಯಾರಿಗೂ ಬೇಡವಾದೆ’ ಎಂಬ ಸಂಕಟ. ಸಿಟ್ಟು, ಹೊಟ್ಟೆಕಿಚ್ಚು, ಅವಮಾನ, ಅಳು ಎಲ್ಲವನ್ನೂ ಅವಳು ಊರ ಜನರ ಮುಂದೆ ಬಾಯಿ ತುಂಬ ಹಾಡುತ್ತಾಳೆ. ಕೇಳಲು ದೂತಿ ಇದ್ದಾಳೆ. ಹಿಂದೆ ನಿಂತ ಮೇಳದವರು ಅವಳ ಸಾಲನ್ನೇ ಎತ್ತಿಕೊಂಡು ಮತ್ತೊಮ್ಮೆ ಹಾಡುತ್ತಾರೆ.

ಮೊಮ್ಮಗಳು ಇಯರ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ಬೆಳಗಿನ ಜಾವ ಮನೆಗೆ ಬರುವಾಗ ಕೇಳಿದಳು: “ಅಜ್ಜಾ, ಭಾಮಾ ಅಷ್ಟೊತ್ತು ಅತ್ತಳಲ್ಲ, ಆಕಿಗೆ ಯಾರೂ ‘ಸುಮ್ನಿರು’ ಅನಲಿಲ್ಲಲ್ಲ?”

ನನಗೆ ಉತ್ತರ ಹೊಳೆಯಲಿಲ್ಲ. ಕಬ್ಬಿನ ಹೊಲದ ದಾರಿಯಲ್ಲಿ ಸ್ವಲ್ಪ ದೂರ ಇಬ್ಬರೂ ಮಾತಿಲ್ಲದೆ ನಡೆದೆವು. ಕೊನೆಗೆ, “ನಾ ಅಂದದ್ದು ತಪ್ಪಾತವಾ. ಈಗ ಹೇಳು, ನಾ ನಡುವ ಬಾಯಿ ಹಾಕಂಗಿಲ್ಲ” ಅಂದೆ. ಆಗ ಹೇಳಿದಳು. ಪರೀಕ್ಷೆಯ ಹಾಲಿನಲ್ಲಿ ಕೂತರೆ ಕೈ ನಡುಗುತ್ತವೆಯಂತೆ. ಎದೆ ಡವಡವ ಎನ್ನುತ್ತದೆಯಂತೆ. ಓದಿದ್ದೆಲ್ಲ ಮರೆತು ಉತ್ತರಪತ್ರಿಕೆ ಬೆಳ್ಳಗೆ ಕಾಣುತ್ತದೆಯಂತೆ. ರಾತ್ರಿ ನಿದ್ದೆ ಇಲ್ಲದೆ ಎರಡು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ನಮ್ಮಲ್ಲಿ ‘ಸಸ್ಪೆನ್ಸ್ ಖಾತೆ’ ಎಂದು ಒಂದಿರುತ್ತದೆ. ಯಾವ ಲೆಕ್ಕಕ್ಕೆ ಸೇರಿದ್ದೆಂದು ತಿಳಿಯದ ಹಣವನ್ನು ಗುರುತು ಸಿಗುವ ತನಕ ಅದರಲ್ಲಿ ಇಡುತ್ತೇವೆ. ಅಲ್ಲಿ ಬಹಳ ದಿನ ಬಿದ್ದ ಹಣ ತಲೆನೋವು ತಂದೇ ತರುತ್ತದೆ. ಹದಿಮೂರು ಹದಿನಾಲ್ಕರ ಮಕ್ಕಳ ಮನಸ್ಸೂ ಹಾಗೆ. ಒಳಗೆ ಏನೋ ಜಮೆಯಾಗಿದೆ, ಯಾವ ಹೆಸರಿನಲ್ಲಿ ಬರೆಯಬೇಕೋ ತಿಳಿಯದು. ‘ಬ್ಯಾಸರ’ ಎಂಬ ಒಂದೇ ಶಬ್ದದಲ್ಲಿ ಎಲ್ಲವನ್ನೂ ತುಂಬಿಡುತ್ತಾರೆ. ಹಾಡುಳ್ಳ ಒಂದು ಒಳ್ಳೆಯ ನಾಟಕ ಅದನ್ನು ಬಿಡಿಸಿ ತೋರಿಸುತ್ತದೆ: ಇದು ಭಯ, ಇದು ಅವಮಾನ, ಇದು ಒಂಟಿತನ.

ಇದನ್ನು ಮಾತಿನಲ್ಲೇ ಹೇಳಬಾರದೇ, ಹಾಡೇ ಏಕೆ? ನಾನು ತಿಳಿದಿರುವುದು ಇಷ್ಟು. ಮಾತು ಬೇಗ ಮುಗಿಯುತ್ತದೆ, ಕೇಳುವವರು ನಡುವೆ ಬಾಯಿ ಹಾಕುತ್ತಾರೆ. ಹಾಡನ್ನು ಯಾರೂ ತುಂಡರಿಸುವುದಿಲ್ಲ. ಒಂದೇ ಸಾಲು ಮೂರು ನಾಲ್ಕು ಸಲ ತಿರುಗಿ ಬರುತ್ತದೆ, ಪೇಟಿ ಅದನ್ನು ಎಳೆದು ನಿಲ್ಲಿಸುತ್ತದೆ, ಅಷ್ಟರಲ್ಲಿ ಕೇಳುವವನ ಎದೆಯೂ ಅಲ್ಲಿಗೆ ಬಂದು ಸೇರುತ್ತದೆ. ಮೇಲಾಗಿ ಅಲ್ಲಿ ಅಳುತ್ತಿರುವುದು ಭಾಮೆ. ಅವಳ ಹೆಸರಿನಲ್ಲಿ ನಾವೂ ಒಂದಿಷ್ಟು ಅತ್ತರೆ ಯಾರಿಗೂ ತಿಳಿಯುವುದಿಲ್ಲ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ನಮ್ಮವ್ವ ತೀರಿಕೊಂಡಳು. ‘ಗಂಡ್ಸು ಅಳಬಾರದು’ ಎಂದು ಎಲ್ಲರೂ ಹೇಳಿದರು. ನಾನು ಅಳಲಿಲ್ಲ, ಅಪ್ಪನೂ ಅಳಲಿಲ್ಲ. ಮನೆಯಲ್ಲಿ ಅವ್ವನ ಮಾತೇ ನಿಂತುಹೋಯಿತು. ನಾನು ಸಾಲೆಯಲ್ಲಿ ಹಿಂದೆ ಬಿದ್ದೆ, ಸುಮ್ಮಸುಮ್ಮನೆ ಹುಡುಗರ ಜೊತೆ ಹೊಡೆದಾಡುತ್ತಿದ್ದೆ. ಆ ವರ್ಷದ ಪಾರಿಜಾತದ ಆಟದಲ್ಲಿ ಭಾಮೆ ಹಾಡುವಾಗ ನನಗೆ ತಡೆಯಲಾಗಲಿಲ್ಲ. ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ಅತ್ತೆ. ಸ್ವಲ್ಪ ಹೊತ್ತಿಗೆ ಕಂಬಳಿ ಸರಿಸಿ ನೋಡಿದರೆ ಪಕ್ಕದಲ್ಲಿ ಅಪ್ಪ ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಮರುದಿನ ಎತ್ತಿಗೆ ಮೇವು ಹಾಕುತ್ತಾ ಹೇಳಿದ: “ಆ ಹಾಡು ನಿಮ್ಮವ್ವಗ ಭಾಳ ಸೇರತಿತ್ತೋ.” ಅವ್ವ ಹೋಗಿ ಏಳು ತಿಂಗಳಾದ ಮೇಲೆ ಅವಳ ಬಗ್ಗೆ ಅಪ್ಪ ಆಡಿದ ಮೊದಲ ಮಾತು ಅದು. ಆ ದಿನದಿಂದ ನಮ್ಮ ಮನೆಯಲ್ಲಿ ಅವ್ವನ ಮಾತು ಮತ್ತೆ ಶುರುವಾಯಿತು.

ಅಂದಹಾಗೆ, ಮೊಮ್ಮಗಳ ಇಯರ್‌ಫೋನಿನಲ್ಲಿ ಏನಿತ್ತು ಗೊತ್ತೇ? ಅದೂ ಒಂದು ಸಂಗೀತ ನಾಟಕದ ಹಾಡುಗಳು! ‘ಡಿಯರ್ ಇವಾನ್ ಹ್ಯಾನ್ಸನ್’ ಎಂದು ಅದರ ಹೆಸರು. 2016ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೆ ಬಂದು, ಮರುವರ್ಷ ಆರು ಟೋನಿ ಪ್ರಶಸ್ತಿ ಗೆದ್ದ ಆಟ. ನಾಲ್ಕು ಜನರ ನಡುವೆ ಬಾಯಿ ತೆರೆಯಲಾರದ, ಒಳಗೊಳಗೇ ಹೆದರುವ ಒಬ್ಬ ಹೈಸ್ಕೂಲ್ ಹುಡುಗನ ಕಥೆ. ಅವಳೇ ಕೂತು ನನಗೆ ಅರ್ಥ ಹೇಳಿದಳು. ನಾನು ಹಾಳು ಗದ್ದಲ ಎಂದು ಬೈದಿದ್ದ ಹಾಡುಗಳಲ್ಲೇ ಅವಳು ತನ್ನ ಭಯಕ್ಕೆ ಜೊತೆ ಹುಡುಕುತ್ತಿದ್ದಳು. ದ್ವಾರಕೆಯ ಭಾಮೆ, ನ್ಯೂಯಾರ್ಕಿನ ಹುಡುಗ, ಹುಬ್ಬಳ್ಳಿಯ ನನ್ನ ಮೊಮ್ಮಗಳು, ಮೂವರೂ ಒಂದೇ ಕಟ್ಟೆಯ ಮೇಲೆ ಕೂತಂತೆ ನನಗೆ ಕಂಡಿತು.

ಹಾಗೆಂದು ಎಲ್ಲ ನಾಟಕವೂ ಒಳ್ಳೆಯದನ್ನೇ ಮಾಡುತ್ತದೆ ಎನ್ನಲಾರೆ. ನಮ್ಮ ಹಳ್ಳಿಯ ಎಷ್ಟೋ ನಾಟಕಗಳಲ್ಲಿ ನಗಿಸುವುದಕ್ಕೆಂದೇ ಹರಕು ಅಂಗಿಯ ಒಬ್ಬ ‘ಹುಚ್ಚ’ ಇರುತ್ತಾನೆ. ನಾವೂ ನಕ್ಕಿದ್ದೇವೆ. ಮರುದಿನ ಸಾಲೆಯಲ್ಲಿ ಸುಮ್ಮನೆ ಕೂರುವ ಹುಡುಗನಿಗೆ ಅದೇ ಹೆಸರು ಅಂಟುತ್ತದೆ. ಅಂಥದ್ದನ್ನು ನೋಡಿದ ಮಗು ಇನ್ನಷ್ಟು ಬಾಯಿ ಮುಚ್ಚಿಕೊಳ್ಳುತ್ತದೆ. ಮನಸ್ಸು ನೊಂದವರನ್ನು ನೋಡಿ ನಗುವ ಆಟಕ್ಕೂ, ಅವರ ಜೊತೆ ಕೂರಿಸುವ ಆಟಕ್ಕೂ ಇರುವ ವ್ಯತ್ಯಾಸವನ್ನು ಹಿರಿಯರು ಪಕ್ಕದಲ್ಲಿ ಕೂತು ಹೇಳಿಕೊಡಬೇಕು.

ಇನ್ನೊಂದು ಮಾತು. ಹಾಡು ಬಾಗಿಲು ತೆರೆಯುತ್ತದೆ, ಔಷಧ ಕೊಡುವುದಿಲ್ಲ. ಭಾಮೆಗಿದ್ದದ್ದು ರೋಗವಲ್ಲ, ಸಿಟ್ಟು, ದುಃಖ ಎಲ್ಲರಿಗೂ ಬಂದುಹೋಗುತ್ತವೆ. ಆದರೆ ಎರಡು ವಾರ ಕಳೆದರೂ ಮಗುವಿಗೆ ನಿದ್ದೆ ಸರಿಯಿಲ್ಲ, ಊಟ ಬೇಡ, ಆಟ ಬೇಡ, ಸಾಲೆ ಬೇಡ ಎನ್ನುವಂತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಬದುಕೇ ಬೇಡ ಎಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು, ಮಗುವನ್ನು ಒಂಟಿ ಬಿಡಬಾರದು. 10ರಿಂದ 19 ವರ್ಷದವರಲ್ಲಿ ಏಳು ಜನಕ್ಕೆ ಒಬ್ಬರಿಗೆ ಮನಸ್ಸಿನ ತೊಂದರೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ನಿಮ್ಮ ತರಗತಿಯಲ್ಲೂ ಕೆಲವರು ಇದ್ದಾರು. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆಗಳಿವೆ. ಅಲ್ಲಿತನಕ ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಸರಕಾರ ಶುರು ಮಾಡಿದ ‘ಟೆಲಿ ಮಾನಸ್’ ಎಂಬ ಉಚಿತ ಸೇವೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ನನ್ನ ಮೊಮ್ಮಗಳನ್ನು ಅವಳ ಅವ್ವ ಒಬ್ಬ ಮನೋವೈದ್ಯರಿಗೆ ತೋರಿಸಿದಳು. ಕೆಲವು ತಿಂಗಳು ಹೋಗಿಬಂದಳು. ಪರೀಕ್ಷೆಯ ಭಯ ಪೂರ್ತಿ ಹೋಗಿಲ್ಲ. ಆದರೆ ಈಗ ಭಯವಾದರೆ ‘ಭಯವಾಗೇತಿ’ ಎಂದೇ ಫೋನ್ ಮಾಡುತ್ತಾಳೆ. ‘ಬ್ಯಾಸರ’ ಎನ್ನುವುದಿಲ್ಲ.

ಮಕ್ಕಳೇ, ಈ ವರ್ಷ ನಿಮ್ಮ ಸಾಲೆಯ ಗ್ಯಾದರಿಂಗಿನಲ್ಲಿ ಹತ್ತು ನಿಮಿಷದ ಒಂದು ಹಾಡಿನ ಆಟ ಕಟ್ಟಿ. ಪರೀಕ್ಷೆಗೆ ಹೆದರುವ ಹುಡುಗ, ಗೆಳತಿಯರು ಮಾತು ಬಿಟ್ಟ ಹುಡುಗಿ, ಯಾರಾದರೂ ಆಗಲಿ. ಒಬ್ಬರು ಹಾಡಲಿ, ಉಳಿದವರು ಹಿಂದೆ ನಿಂತು ಅದೇ ಸಾಲನ್ನು ಎತ್ತಿಕೊಳ್ಳಲಿ.

ಅಜ್ಜ ಅಜ್ಜಿಯರೇ, ನಮ್ಮ ಕೆಲಸವೂ ಆ ಮೇಳದವರದ್ದೇ. ಮಗು “ಎದಿ ಡವಡವ ಅಂತೈತಿ” ಎಂದರೆ ಬುದ್ಧಿ ಹೇಳುವ ಮೊದಲು ಅದರ ಮಾತನ್ನೇ ಎತ್ತಿಕೊಂಡು, “ಹೌದಾ, ಡವಡವ ಅಂತೈತಾ? ಮುಂದ ಹೇಳವಾ” ಅನ್ನೋಣ. ಅಷ್ಟು ಕಲಿಯಲು ನನಗೆ ಎಪ್ಪತ್ತು ದಾಟಬೇಕಾಯಿತು.

ಮುಂದಿನ ವಾರ ಮತ್ತೆ ಸಿಗೋಣ.